ಸುಟ್ಟ ಅಂಗಡಿಯ ಲೆಕ್ಕ

ನನ್ನ ಸೋದರಳಿಯನು ವಿಮಾ ಸರ್ವೇಯರರ ಪರೀಕ್ಷೆಗೆ ಓದುತ್ತಿದ್ದಾನೆ. ಬೆಂಕಿ ಬಿದ್ದ ಅಂಗಡಿ, ಮಗುಚಿದ ಲಾರಿ, ಮಳೆಗೆ ನೆನೆದ ಗೋದಾಮು, ಇವುಗಳನ್ನು ಕಣ್ಣಾರೆ ಕಂಡು, ನಷ್ಟವಾದದ್ದೆಷ್ಟು, ಅದರಲ್ಲಿ ಪಾಲಿಸಿಯಂತೆ ಸಲ್ಲತಕ್ಕದ್ದೆಷ್ಟು ಎಂದು ವರದಿ ಬರೆಯುವುದು ಸರ್ವೇಯರನ ಕೆಲಸ. ಅದೇ ಕಸುಬಿನಲ್ಲಿ ಕೂದಲು ನರೆಸಿಕೊಂಡ ನನ್ನನ್ನು ಮೊನ್ನೆ ಅವನು ಕೇಳಿದನು: “ಮಾವ, ಪುಸ್ತಕದಲ್ಲಿ ತತ್ತ್ವಗಳನ್ನು ಒಂದೊಂದಾಗಿ ಬರೆದಿದ್ದಾರೆ, ಬಾಯಿಪಾಠವೂ ಆಗಿದೆ. ಆದರೆ ಎಲ್ಲ ಕೂಡಿ ಏನು ಹೇಳುತ್ತವೆ ಎಂಬುದು ಮಾತ್ರ ಹೊಳೆಯುವುದಿಲ್ಲ.” ಪುಸ್ತಕವನ್ನು ಮುಚ್ಚಿಡಲು ಹೇಳಿ, ಅವನಿಗೆ ೧೯೯೬ರ ದೀಪಾವಳಿಯಲ್ಲಿ ಸುಟ್ಟ ಒಂದು ಅಂಗಡಿಯ ಸಂಗತಿಯನ್ನು ಹೇಳಿದೆನು. ಅದನ್ನೇ ವಾಚಕರ ಮುಂದೆಯೂ ಇಡುತ್ತಿದ್ದೇನೆ. ಏಕೆಂದರೆ, ಯಾವುದೋ ಒಂದು ಪಾಲಿಸಿಯ ಕಾಗದವಿಲ್ಲದ ಮನೆ ಈಗ ಅಪರೂಪ. ಆ ಕಾಗದವನ್ನು ಓದಿದ ಮನೆ ಇನ್ನೂ ಅಪರೂಪ.

ನಮ್ಮ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದ ಪೇಟೆಬೀದಿಯಲ್ಲಿ ಶೆಟ್ಟರೊಬ್ಬರ ಜವಳಿ ಅಂಗಡಿಯಿತ್ತು. ಹಬ್ಬಕ್ಕೆಂದು ಮುಂಭಾಗದಲ್ಲಿ ಬಣ್ಣದ ದೀಪಗಳ ಸರವನ್ನು ಹಾಕಿಸಿದ್ದರು. ಅದಕ್ಕೆ ಎಳೆದಿದ್ದ ತಂತಿಯು ಹಳೆಯದು. ಭಾರ ತಡೆಯದೆಂದು ವಿದ್ಯುತ್ ಕೆಲಸದವನು ಮೊದಲೇ ಎಚ್ಚರಿಸಿದ್ದನಂತೆ. ನಡುರಾತ್ರಿ ತಂತಿ ಹೊತ್ತಿತು. ಬೆಂಕಿಯು ಜವಳಿಗೆ ತಗುಲಿತು. ಅಗ್ನಿಶಾಮಕ ದಳದವರು ನೀರು ಹೊಡೆದು ಅರ್ಧ ಅಂಗಡಿಯನ್ನು ಉಳಿಸಿದರು. ಅಷ್ಟರೊಳಗೆ ಪಕ್ಕದ ದರ್ಜಿ ಸಾಹೇಬರ ಗೂಡಂಗಡಿಯು ಸುಟ್ಟು ಬೂದಿಯಾಗಿತ್ತು.

ದೊಡ್ಡ ನಷ್ಟಗಳನ್ನು ಪರವಾನಗಿ ಪಡೆದ ಸರ್ವೇಯರನೇ ಪರೀಕ್ಷಿಸಬೇಕೆಂಬುದು ೧೯೩೮ರ ವಿಮಾ ಕಾಯಿದೆಯ ವಿಧಿ. ಅವನಿಗೆ ಶುಲ್ಕ ಕೊಡುವುದು ಕಂಪನಿಯೇ ಆದರೂ ಅವನು ಕಂಪನಿಯ ಪಕ್ಷದವನಲ್ಲ. ಹಾಗೆಂದು ನೊಂದವನ ವಕೀಲನೂ ಅಲ್ಲ. ನಾನು ಆಗ ಇನ್ನೂ ಶಿಷ್ಯವೃತ್ತಿಯಲ್ಲಿದ್ದೆನು. ನನ್ನ ಗುರುಗಳು ಒಂದು ದಿನ ಬಂದು ಎಲ್ಲವನ್ನೂ ನೋಡಿ, ಲೆಕ್ಕದ ಭಾಗವನ್ನು ನನಗೆ ಒಪ್ಪಿಸಿ ಹೋದರು.

ಎರಡು ದಿನ ಕುಳಿತು ಲೆಕ್ಕ ಹಾಕಿದೆನು. ಬೆಂಕಿಯ ದಿನ ಅಂಗಡಿಯಲ್ಲಿದ್ದ ಮಾಲು ಇಪ್ಪತ್ತು ಲಕ್ಷ ರೂಪಾಯಿನದು. ಪಾಲಿಸಿಯಾದರೋ ಹತ್ತೇ ಲಕ್ಷಕ್ಕೆ. ಸುಟ್ಟುಹೋದದ್ದು ಆರು ಲಕ್ಷದ್ದು. ಪಾಲಿಸಿಯ ಮೊತ್ತ ಹತ್ತು, ನಷ್ಟ ಆರು; ಆದ್ದರಿಂದ ಆರೂ ಬರುತ್ತದೆ ಎಂದು ಶೆಟ್ಟರು ನಂಬಿದ್ದರು. ವಾಚಕರಲ್ಲಿ ಬಹುಮಂದಿ ಹಾಗೆಯೇ ನಂಬುವರು. ಆದರೆ ಪಾಲಿಸಿಯಲ್ಲಿ ಏವರೇಜ್ ಎಂಬುದೊಂದು ಷರತ್ತಿದೆ. ಇಪ್ಪತ್ತರ ಮಾಲಿಗೆ ಹತ್ತರ ವಿಮೆ ಮಾಡಿಸಿದವನು ಉಳಿದ ಅರ್ಧಕ್ಕೆ ತಾನೇ ತನ್ನ ವಿಮಾ ಕಂಪನಿಯಾದಂತೆ. ಆದುದರಿಂದ ನಷ್ಟ ಎಷ್ಟೇ ಆಗಲಿ, ಅದರ ಅರ್ಧವನ್ನು ಅವನೇ ಹೊರತಕ್ಕದ್ದು. ನನ್ನ ಲೆಕ್ಕದಂತೆ ಅವರಿಗೆ ಸಲ್ಲುವುದು ಮೂರು ಲಕ್ಷ ಮಾತ್ರ.

ಅದನ್ನು ಕೇಳಿದ ಶೆಟ್ಟರು ಮಾತನಾಡದೆ ಹೊರಟುಹೋದರು. ರಾತ್ರಿ ನಾನಿದ್ದ ಪ್ರವಾಸಿ ಮಂದಿರಕ್ಕೆ ದಾಸ್ತಾನಿನ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದರು. “ಸ್ವಾಮಿ, ಹಬ್ಬದ ವ್ಯಾಪಾರವೆಂದು ದಾವಣಗೆರೆಯಿಂದ ಸಾಲಕ್ಕೆ ಮಾಲು ತರಿಸಿದೆ. ಪಾಲಿಸಿ ಮಾಡಿಸಿದ್ದು ಅದಕ್ಕೂ ಮುಂಚೆ, ಹೆಚ್ಚಿಸಬೇಕೆಂದು ತೋಚಲಿಲ್ಲ. ಈ ಪುಸ್ತಕವೂ ಸುಟ್ಟುಹೋಯಿತೆಂದು ಬರೆದುಕೊಳ್ಳಿ. ಅಂಗಡಿಯಲ್ಲಿ ಇದ್ದದ್ದೇ ಹತ್ತು ಲಕ್ಷದ ಮಾಲು ಎಂದರೆ ಯಾರಿಗೆ ತಿಳಿಯುತ್ತದೆ?” ಎಂದರು. ಆ ಮನುಷ್ಯರು ಒಂದು ಮೊಳ ಬಟ್ಟೆಯನ್ನೂ ಹೆಚ್ಚಾಗಿ ಸುಟ್ಟಿತೆಂದು ಹೇಳಿದವರಲ್ಲ. ನನ್ನ ಮನಸ್ಸು ಕರಗಿತು. ಇಲ್ಲವೆಂದು ಹೇಳಲು ನಾಲಗೆ ಬರಲಿಲ್ಲ. ಮಾರನೆಯ ದಿನ ನನ್ನ ಲೆಕ್ಕವನ್ನೂ ಆ ಪುಸ್ತಕವನ್ನೂ ಗುರುಗಳ ಮುಂದಿಟ್ಟು, ನಡೆದದ್ದನ್ನು ಹೇಳಿದೆನು.

ಗುರುಗಳು ಕನ್ನಡಕವನ್ನು ತೆಗೆದಿಟ್ಟು ಕೇಳಿದರು: “ಹೆಚ್ಚಿಗೆ ಕೊಡಬೇಕೆನ್ನುವ ಹಣ ಯಾರದಯ್ಯಾ?”

“ಕಂಪನಿಯದು.”

“ಕಂಪನಿಗೆ ಎಲ್ಲಿಂದ ಬಂತು? ಇದೇ ಬೀದಿಯಲ್ಲಿ ಇಪ್ಪತ್ತರ ಮಾಲಿಗೆ ಇಪ್ಪತ್ತರ ಪ್ರೀಮಿಯಂ ಕಟ್ಟಿದವರಿಂದ ಬಂತು. ನಿನ್ನ ಕರುಣೆಯ ಖರ್ಚನ್ನು ಅವರ ಲೆಕ್ಕಕ್ಕೆ ಬರೆಯಬೇಡ.”

ಬಳಿಕ ಅವರು ಪರಮವಿಶ್ವಾಸದ ತತ್ತ್ವವನ್ನು ವಿವರಿಸಿದರು. ಸುಮಾತ್ರಾ ದ್ವೀಪದ ಮಾರ್ಲ್‌ಬರೋ ಕೋಟೆಯ ಅಧಿಪತಿಯಾಗಿದ್ದ ಕಾರ್ಟರನು ಆ ಕೋಟೆ ಶತ್ರುವಶವಾದೀತೆಂದು ವಿಮೆ ಮಾಡಿಸಿದ್ದನು. ೧೭೬೦ರಲ್ಲಿ ಫ್ರೆಂಚರು ಕೋಟೆಯನ್ನು ಹಿಡಿದರು. ೧೭೬೬ರಲ್ಲಿ ಆ ವ್ಯಾಜ್ಯವನ್ನು ತೀರ್ಮಾನಿಸುತ್ತ ಲಾರ್ಡ್ ಮ್ಯಾನ್ಸ್‌ಫೀಲ್ಡನು, ವಿಮೆಯು ವಿಶ್ವಾಸದ ಒಪ್ಪಂದ, ತಿಳಿದದ್ದನ್ನು ಮುಚ್ಚಿಡುವುದು ಎರಡು ಕಡೆಯವರಿಗೂ ಸಲ್ಲದು ಎಂದು ಸಾರಿದನು. ಆ ಮೊಕದ್ದಮೆಯಲ್ಲಿ ಸೋತವನು ವಿಮೆ ಕೊಟ್ಟವನೇ! “ಎರಡು ಕಡೆಯವರಿಗೂ ಎಂಬ ಮಾತನ್ನು ಮರೆಯಬೇಡ” ಎಂದು ಹೇಳಿ ಗುರುಗಳು ನನ್ನ ಲೆಕ್ಕವನ್ನು ಕೈಗೆತ್ತಿಕೊಂಡರು.

“ನೀರಿನಿಂದ ಕೆಟ್ಟ ಬಟ್ಟೆ ಎಲ್ಲಿ?”

“ಅದು ಬೆಂಕಿಯಿಂದ ಆದ ನಷ್ಟವಲ್ಲವೆಂದು ಬಿಟ್ಟೆನು.”

ಅವರ ಮುಖವು ಗಂಭೀರವಾಯಿತು. ೧೯೧೫ರಲ್ಲಿ ಇಕಾರಿಯಾ ಎಂಬ ಹಡಗಿಗೆ ಶತ್ರುವಿನ ಟಾರ್ಪೀಡೊ ತಗುಲಿತು. ಅದನ್ನು ಹೇಗೋ ಫ್ರಾನ್ಸಿನ ಲ ಹಾವ್ರ್ ಬಂದರಿಗೆ ತಂದರು. ಅಲ್ಲಿ ಬಿರುಗಾಳಿಗೂ ಭರತ ಇಳಿತಗಳಿಗೂ ಸಿಕ್ಕಿ ಅದು ಮುಳುಗಿತು. ಮುಳುಗಿಸಿದ್ದು ಸಮುದ್ರವೋ ಟಾರ್ಪೀಡೊವೋ? ಕಟ್ಟಕಡೆಗೆ ಬಂದದ್ದೇ ಕಾರಣವಲ್ಲ, ಪ್ರಬಲವಾದದ್ದೇ ಕಾರಣ. ಮುಳುಗಿಸಿದ್ದು ಟಾರ್ಪೀಡೊವೇ ಎಂದು ೧೯೧೮ರಲ್ಲಿ ಇಂಗ್ಲೆಂಡಿನ ಲಾರ್ಡುಗಳ ಸಭೆಯು ತೀರ್ಪಿತ್ತಿತು. ಇಲ್ಲಿಯೂ ಬೆಂಕಿ ಬೀಳದಿದ್ದರೆ ನೀರು ಹೊಡೆಯುವವರಾರು? ನೆನೆದದ್ದೂ ಬೆಂಕಿಯ ನಷ್ಟವೇ. “ಸುಳ್ಳು ಬರೆದು ಕೊಡಲು ಸಿದ್ಧನಾಗಿದ್ದೆ, ನಿಜವಾಗಿ ಸಲ್ಲತಕ್ಕದ್ದನ್ನು ಬಿಟ್ಟಿದ್ದೆ. ಪಾಲಿಸಿಯನ್ನು ಪೂರ್ತಿ ಓದದವನ ದಯೆ ಇಷ್ಟೇ” ಎಂದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನೆನೆದ ಬಟ್ಟೆ ಮೂರು ಲಕ್ಷದ್ದು. ಹರಾಜಿನಲ್ಲಿ ಒಂದು ಲಕ್ಷ ಹುಟ್ಟಿತು. ಉಳಿದ ಎರಡನ್ನು ಸೇರಿಸಿ ನಷ್ಟ ಎಂಟು ಲಕ್ಷವಾಯಿತು. ಶೆಟ್ಟರಿಗೆ ಸಂದದ್ದು ನಾಲ್ಕು. ಹಳೆಯ ತಂತಿಯನ್ನು ಬಳಸಿದ್ದು ಅವರ ಅಲಕ್ಷ್ಯವೆಂದು ಕಂಪನಿಯು ಹಣವನ್ನು ತಡೆಯಲಿಲ್ಲ. ಬೇಕೆಂದೇ ಬೆಂಕಿಯಿಟ್ಟವನಿಗೆ ವಿಮೆಯಿಲ್ಲ, ಮೈಮರೆತವನಿಗೆ ಉಂಟು.

ಆದರೆ ಅದೇ ಅಲಕ್ಷ್ಯವು ಪಕ್ಕದ ಗೋಡೆಯನ್ನು ದಾಟಿದಾಗ ಹೊಣೆಯಾಗುತ್ತದೆ. ದರ್ಜಿ ಸಾಹೇಬರು ನನ್ನನ್ನು ಕೇಳಿದರು: “ನನ್ನ ಎರಡು ಹೊಲಿಗೆ ಯಂತ್ರ ಹೋದವು, ಜನರು ಕೊಟ್ಟ ಹಬ್ಬದ ಬಟ್ಟೆಯೂ ಹೋಯಿತು. ನನಗೆ ಯಾರು ಕೊಡುತ್ತಾರೆ, ಸ್ವಾಮಿ?” ಅವರಿಗೆ ಪಾಲಿಸಿಯಿರಲಿಲ್ಲ. ಇದ್ದಿದ್ದರೆ ಅವರ ಕಂಪನಿಯು ಹಣ ಕೊಟ್ಟು, ಅವರ ಸ್ಥಾನದಲ್ಲಿ ನಿಂತು ಶೆಟ್ಟರನ್ನು ಕೇಳಬಹುದಾಗಿತ್ತು. ಜಿಂಜರ್ ಬಿಯರಿನ ಸೀಸೆಯಲ್ಲಿ ಬಸವನಹುಳುವಿತ್ತೆಂಬ ದೂರಿನ ಮೇಲೆ ೧೯೩೨ರಲ್ಲಿ ಅದೇ ಲಾರ್ಡುಗಳ ಸಭೆಯು, ನಮ್ಮ ಅಜಾಗ್ರತೆಯಿಂದ ಯಾರಿಗೆ ಕೇಡಾದೀತೆಂದು ನಾವು ಊಹಿಸಬಲ್ಲೆವೋ ಅವರೆಲ್ಲರೂ ನಮ್ಮ ನೆರೆಯವರೆಂದು ಹೇಳಿತು. ಸಾಹೇಬರಾದರೋ ಅಕ್ಷರಶಃ ನೆರೆಯವರು. ಎಚ್ಚರಿಕೆಯ ಕರ್ತವ್ಯ, ಅದರ ಭಂಗ, ಅದರಿಂದಲೇ ಆದ ಹಾನಿ, ಮೂರೂ ಅಲ್ಲಿದ್ದವು. ಶೆಟ್ಟರ ಪಾಲಿಸಿಯಾದರೋ ಅವರ ಮಾಲಿಗೆ ಮಾತ್ರ ಸಲ್ಲುವಂಥದು. ಇನ್ನೊಬ್ಬರಿಗೆ ಆದ ಹಾನಿಯ ಹೊಣೆಯನ್ನು ಅದು ಹೊತ್ತಿರಲಿಲ್ಲ. ಸ್ಕೂಟರು ಕಾರುಗಳಿಗೆ ಇಂಥ ಮೂರನೆಯವರ ವಿಮೆಯನ್ನು ಮೋಟಾರು ವಾಹನಗಳ ಕಾಯಿದೆಯು ಕಡ್ಡಾಯ ಮಾಡಿದೆ. ಶೆಟ್ಟರಂಥವರ ಅಂಗಡಿಗೆ ಆ ಕಡ್ಡಾಯವಿರಲಿಲ್ಲ.

ಇದನ್ನು ಸಾಹೇಬರಿಗೆ ತಿಳಿಸಿದಾಗ ಶೆಟ್ಟರೂ ಅಲ್ಲಿಯೇ ಇದ್ದರು. ಅವರು ಏನನ್ನೂ ಹೇಳಲಿಲ್ಲ. ಕಂಪನಿಯ ಚೆಕ್ಕು ಬಂದ ವಾರದಲ್ಲಿ ನಾನು ಆ ಬೀದಿಯಲ್ಲಿ ಹೋದಾಗ, ಸಾಹೇಬರು ತಗಡಿನ ಚಪ್ಪರದ ಕೆಳಗೆ ಹೊಸ ಯಂತ್ರವನ್ನು ತುಳಿಯುತ್ತಿದ್ದರು, ಇನ್ನೊಂದು ಪಕ್ಕದಲ್ಲಿತ್ತು. ಯಾರು ಕೊಟ್ಟರೆಂದು ನಾನು ಕೇಳಲಿಲ್ಲ. ಸಾಹೇಬರು ಶೆಟ್ಟರ ಅಂಗಡಿಯ ಕಡೆಗೆ ಒಮ್ಮೆ ನೋಡಿ ನಕ್ಕರು.

ಕಥೆ ಮುಗಿದ ಮೇಲೆ ಅಳಿಯನು, “ಈಗ ಸಣ್ಣ ಉದ್ಯಮಗಳ ಪಾಲಿಸಿಯಲ್ಲಿ ನೂರಕ್ಕೆ ಹದಿನೈದರವರೆಗಿನ ಕೊರತೆಗೆ ಮನ್ನಾ ಇದೆಯಲ್ಲ, ಮಾವ?” ಎಂದನು. ನಿಜ, ೨೦೨೧ರ ಏಪ್ರಿಲಿನಿಂದ ಬಂದ ಪಾಲಿಸಿಗಳಲ್ಲಿ ಅದುಂಟು. ಆದರೆ ಅರ್ಧಕ್ಕರ್ಧ ಕೊರತೆಯನ್ನು ಅದು ತುಂಬಲಾರದು. ಹಬ್ಬಕ್ಕೆ ಮುಂಚೆ ಒಂದು ಸಂಜೆ ಕುಳಿತು ಪಾಲಿಸಿಯ ಮೊತ್ತವನ್ನೂ ಮನೆಯ ತಂತಿಯನ್ನೂ ನೋಡಿಕೊಂಡವರಿಗೆ ನಮ್ಮಂಥವರ ಮುಖವನ್ನು ನೋಡುವ ಪ್ರಸಂಗವೇ ಕಡಿಮೆ. ಅಳಿಯನು ಪುಸ್ತಕವನ್ನು ತೆರೆದು ಮತ್ತೆ ಮೊದಲ ಪುಟದಿಂದ ಓದತೊಡಗಿದನು.