ಅರ್ಬುದದ ಲೆಕ್ಕ

ಅರ್ಬುದವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಬೇರೆ ಬೇರೆ ಅರ್ಥಗಳುಂಟು. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಅದು ಹತ್ತು ಕೋಟಿಯ ಸಂಖ್ಯೆ. ಸುಶ್ರುತಸಂಹಿತೆಯಲ್ಲಿ ಶರೀರದಲ್ಲಿ ಬೆಳೆಯುವ ಗಡ್ಡೆ. ಮೊದಲಿನ ಗಡ್ಡೆಯ ಮೇಲೆ ಮತ್ತೊಂದು ಹುಟ್ಟಿದರೆ ಅಧ್ಯರ್ಬುದವೆಂದೂ, ಒಟ್ಟಿಗಾಗಲಿ ಒಂದಾದಮೇಲೊಂದಾಗಲಿ ಎರಡು ತೋರಿದರೆ ದ್ವಿರರ್ಬುದವೆಂದೂ ಸುಶ್ರುತನು ಹೆಸರಿಟ್ಟನು, ಎರಡನೆಯದು ಅಸಾಧ್ಯವೆಂದನು.

ಶಿವಮೊಗ್ಗೆಯ ವಿನೋಬನಗರದ ಒಂದು ಮನೆಯ ಹಿರಿಯರಿಗೆ ಆ ಶ್ಲೋಕವು ಕಂಠಸ್ಥವಾಗಿತ್ತು. ಆದರೆ ಈಚೆಗೆ ಮನೆಯಲ್ಲಿ ಅದನ್ನು ಉಚ್ಚರಿಸುವುದನ್ನು ಅವರು ಬಿಟ್ಟಿದ್ದರು. ಅವರ ಮಗಳಿಗೆ ಸ್ತನದ ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷ ಕಳೆದಿತ್ತು. ಟಾಮಾಕ್ಸಿಫೆನ್ ಗುಳಿಗೆಯನ್ನು ಆಕೆ ಒಂದು ದಿನವೂ ತಪ್ಪಿಸಿದವಳಲ್ಲ. ಆದರೂ ಶ್ವಾಸಕೋಶದಲ್ಲಿ ಅದೇ ರೋಗವು ಕಾಣಿಸಿಕೊಂಡಿತು. ಗುಳಿಗೆ ತಪ್ಪಿರಬೇಕೆಂದು ಕೆಲವರು, ಪಥ್ಯ ಕೆಟ್ಟಿರಬೇಕೆಂದು ಕೆಲವರು. ರೋಗಿಯ ಮನೆಗೆ ಬರುವವರಿಗೆ ಇಂತಹ ಮಾತುಗಳು ಎಲ್ಲಿಂದ ದೊರೆಯುವುವೋ! ಕೇಳಿ ಕೇಳಿ ಆಕೆಯೂ ತನ್ನಲ್ಲಿಯೇ ತಪ್ಪನ್ನು ಹುಡುಕತೊಡಗಿದಳು.

ಬೆಂಗಳೂರಿನಲ್ಲಿ ಗಣಿತ ವ್ಯಾಸಂಗ ಮಾಡುವ ಮೊಮ್ಮಗಳು ರಜೆಗೆ ಬಂದಿದ್ದಾಗ ಹಿರಿಯರು ಜಗಲಿಯಲ್ಲಿ ಕುಳಿತು ಕೇಳಿದರು: “ಗಡ್ಡೆಯನ್ನು ಕೊಯ್ದು ತೆಗೆದರು, ಔಷಧವೂ ನಡೆಯಿತು. ಮತ್ತೆ ಬಂದದ್ದು ಎಲ್ಲಿಂದ, ಮಗು?”

ಆಕೆ ಒಂದು ಹಾಳೆಯಲ್ಲಿ ಎದುರುಬದುರಾಗಿ ಎರಡು ಬಾಣಗಳನ್ನು ಬರೆದಳು. ದೇಹದ ಪೊರೆಗಳಲ್ಲಿ ಜೀವಕೋಶಗಳು ಒಂದನ್ನೊಂದು ಹಿಡಿದು ನಿಂತಿರುವುವು. ಹಿಡಿತ ಬಿಟ್ಟ ರೋಗಕೋಶವು ರಕ್ತದೊಡನೆ ದೂರ ಸಾಗಬಲ್ಲದು. ಕೋಶದೊಳಗೆ ಜೆಬ್ ಎಂಬ ಪ್ರೋಟೀನು ಆ ಹಿಡಿತವನ್ನು ಬಿಡಿಸುವುದು; ಮೈಕ್ರೋ ಆರ್‌ಎನ್‌ಎ-200 ಎಂಬುದು ಜೆಬ್ಬನ್ನು ತಡೆಯುವುದು; ಜೆಬ್ಬೂ ಅದನ್ನು ತಡೆಯುವುದು. ವ್ಯಾಕರಣದಲ್ಲಿ ಸಮಬಲದ ಎರಡು ಸೂತ್ರಗಳಿಗೆ ವಿರೋಧ ಬಂದರೆ ಪರಸೂತ್ರವೇ ಪ್ರವರ್ತಿಸತಕ್ಕದ್ದೆಂದು ಪಾಣಿನಿಯು ವಿಧಿಸಿರುವನು. ಕೋಶದಲ್ಲಿ ಅಂತಹ ವಿಧಿಯಿಲ್ಲ. ಈ ಹೋರಾಟವನ್ನು ಸಮೀಕರಣಗಳಲ್ಲಿ ಬರೆದು ಗಣಕಯಂತ್ರದಿಂದ ಬಿಡಿಸಿದವರು 2013ರಲ್ಲಿ ಮೂರು ನೆಲೆಗಳನ್ನು ಕಂಡರು: ಹಿಡಿದು ನಿಂತದ್ದು, ಬಿಟ್ಟು ಹೊರಟದ್ದು, ಅರ್ಧ ಹಿಡಿದೇ ನಡೆಯುವ ಸಂಕರಸ್ಥಿತಿ. ಸಂಕರಕೋಶಗಳು ಗುಂಪುಗೂಡಿ ಸಂಚರಿಸಬಲ್ಲವು. ರಕ್ತದಲ್ಲಿ ಸಾಗುವ ಕೋಶಗುಂಪುಗಳು ಒಂಟಿಕೋಶಗಳಿಗಿಂತ 23ರಿಂದ 50 ಪಟ್ಟು ಹೆಚ್ಚಾಗಿ ಹೊಸ ಗಡ್ಡೆಗಳನ್ನು ಬಿತ್ತಬಲ್ಲವೆಂದು ಇಲಿಗಳ ಮೇಲಿನ 2014ರ ಪರೀಕ್ಷೆಯಿಂದ ತಿಳಿದುಬಂದಿತು.

2013ರ ಆ ಲೆಕ್ಕದ ಕರ್ತೃಗಳಲ್ಲೊಬ್ಬರಾದ ಮೋಹಿತ್ ಕುಮಾರ್ ಜಾಲಿಯವರು ಅಮೆರಿಕದಿಂದ ಹಿಂದಿರುಗಿ, 2018ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಈ ಸಂಶೋಧನೆಗಾಗಿಯೇ ಒಂದು ಗುಂಪನ್ನು ಕಟ್ಟಿದರು. 2021ರಲ್ಲಿ ಅವರು ಅದೇ ಸಮೀಕರಣಗಳಿಗೆ ಟಾಮಾಕ್ಸಿಫೆನ್ ಹಿಡಿಯುವ ಎಸ್ಟ್ರೋಜನ್ ಗ್ರಾಹಕವನ್ನೂ ಸೇರಿಸಿದರು. ವಂಶವಾಹಿಗಳು ಬದಲಾಗದೆಯೇ, ಔಷಧಕ್ಕೆ ಮಣಿಯುತ್ತಿದ್ದ ಕೋಶವು ಮಣಿಯದ ಸ್ಥಿತಿಗೆ ಜಾರಬಲ್ಲದು, ಮರಳಿಯೂ ಬರಬಲ್ಲದು ಎಂಬುದು ಆ ಲೆಕ್ಕದ ಫಲ.

ಹಿರಿಯರು ಬಹಳ ಹೊತ್ತು ಹಾಳೆಯನ್ನೇ ನೋಡಿದರು.

“ಹಾಗಾದರೆ ಗುಳಿಗೆಯನ್ನು ಬದಲಿಸುವರೇ?”

“ಅದನ್ನು ವೈದ್ಯರೇ ನಿರ್ಧರಿಸಬೇಕು, ಅಜ್ಜ. ಈ ಲೆಕ್ಕ ಇನ್ನೂ ಔಷಧವಾಗಿಲ್ಲ.”

“ಅವಳು ತಪ್ಪಿಸಿದ್ದರಿಂದ ಬಂದದ್ದಲ್ಲವಷ್ಟೆ?”

“ತಪ್ಪದೆ ತೆಗೆದುಕೊಂಡವರಿಗೂ ಹೀಗೆ ಆಗುವುದುಂಟು.”

ಅವರು ಹಾಳೆಯನ್ನು ಮಡಿಸದೆ ಎರಡು ಕೈಗಳಲ್ಲೂ ಹಿಡಿದುಕೊಂಡು, ಮಗಳು ಮಲಗಿದ್ದ ಕೋಣೆಗೆ ಹೋದರು.