ಎಡಗಡೆಯ ಸ್ಪೀಕರು

ಧಾರವಾಡದ ಹಳೆಯ ಓಣಿಯೊಂದರಲ್ಲಿ ವಾಸವಾಗಿರುವ ನಿವೃತ್ತ ಗಣಿತದ ಮಾಸ್ತರರಿಗೆ ಮಲ್ಲಿಕಾರ್ಜುನ ಮನ್ಸೂರರ ಗಾಯನವಿಲ್ಲದೆ ಸಂಜೆಯ ಚಹಾ ರುಚಿಸುವುದಿಲ್ಲ. ಮನ್ಸೂರರು 1992ರಲ್ಲಿಯೇ ತೀರಿಕೊಂಡರು. ಈ ಮನೆಯ ಪಡಸಾಲೆಯಲ್ಲಾದರೋ ಅವರ ಹಾಡು ದಿನವೂ ನಡೆದಿದೆ. ಮಗನು ಪರಸ್ಥಳಕ್ಕೆ ಹೋಗುವಾಗ ಬಿಟ್ಟುಹೋದ ಕಂಪ್ಯೂಟರು, ಅದರ ಎಡಬಲಕ್ಕೆ ದ್ವಾರಪಾಲಕರಂತೆ ನಿಂತ ಎರಡು ಪುಟ್ಟ ಸ್ಪೀಕರುಗಳು, ಎದುರಿಗೆ ಮಾಸ್ತರರ ಕುರ್ಚಿ, ಸಭೆಯೆಂದರೆ ಇಷ್ಟೆ. ಅವರಿಗೆ ಅತ್ಯಂತ ಪ್ರಿಯವಾದ ಒಂದು ಮುದ್ರಣದಲ್ಲಿ ತಬಲಾ ಬಲಗಡೆಯಿಂದಲೂ ಹಾರ್ಮೋನಿಯಂ ಎಡಗಡೆಯಿಂದಲೂ ಕೇಳಿಬರುವುದು. ಗಾಯಕರು ನಡುವೆ ಕುಳಿತಂತೆಯೇ ಭಾಸವಾಗುವುದು.

ಒಂದು ವರ್ಷದ ಹಿಂದೆ ಈ ಹಾರ್ಮೋನಿಯಂ ಮೊದಲ ಸಲ ಮಾಯವಾಯಿತು. ಮಾಸ್ತರರು ಪ್ಲಗ್ಗನ್ನು ಹೊರಗೆಳೆದು ಕನ್ನಡಕದ ಸಮೀಪಕ್ಕೆ ತಂದು ಪರೀಕ್ಷಿಸಿದರು. 3.5 ಮಿಲಿಮೀಟರು ದಪ್ಪದ ಆ ಕಡ್ಡಿಯನ್ನು ಎರಡು ಕಪ್ಪು ಬಳೆಗಳು ಮೂರು ಪಾಲು ಮಾಡಿವೆ. ತುದಿಯ ಪಾಲು ಎಡಗಡೆಯ ಧ್ವನಿಯದು, ನಡುವಿನದು ಬಲಗಡೆಯದು, ಬುಡದ್ದು ಎರಡಕ್ಕೂ ಸೇರಿದ್ದು. ಕಡ್ಡಿಯು ಪೂರ್ಣವಾಗಿ ಒಳಸೇರದಿದ್ದರೆ ಈ ಪಾಲುಗಳು ಸ್ಥಾನ ತಪ್ಪಿ ಒಂದು ಪಕ್ಷವು ಮೂಕವಾಗುವುದುಂಟು. ಧೂಳು ಒರಸಿ, ಟಕ್ಕೆನ್ನುವವರೆಗೆ ಒತ್ತಿದೊಡನೆ ಹಾರ್ಮೋನಿಯಂ ಮರಳಿ ಬಂದಿತು. ಅಂದಿನಿಂದ ಓಣಿಯಲ್ಲಿ ಯಾರ ಮನೆಯ ಸ್ಪೀಕರು ಕೆಟ್ಟರೂ ಮಾಸ್ತರರಿಗೇ ಕರೆ. ಮೊದಲ ರೋಗಿ ಗುಣವಾದಾಗ ವೈದ್ಯನಿಗೆ ಬರುವ ಧೈರ್ಯವು ಬಹಳ ಅಪಾಯಕರವಾದುದು.

ಕಳೆದ ಮಳೆಗಾಲದಲ್ಲಿ ಅದೇ ಬಾಧೆ ಮರುಕಳಿಸಿತು. ಒಂದು ಬೆಳಿಗ್ಗೆ ನೋಡಿದರೆ ಎಡಗಡೆಯೆಲ್ಲ ಬರಿದು. ಹಾರ್ಮೋನಿಯಂ ಬಲಗಡೆಯ ತಬಲಾದ ಹಿಂದೆ ಎಲ್ಲಿಯೋ ಕ್ಷೀಣವಾಗಿ ನರಳಿದಂತಾಗುತ್ತಿತ್ತು. ಎಡಗಿವಿಯನ್ನು ಎಡಪೆಟ್ಟಿಗೆಗೆ ಹಚ್ಚಿದರು, ನಿಶ್ಶಬ್ದ. ಬಲಗಿವಿಯನ್ನು ಬಲಪೆಟ್ಟಿಗೆಗೆ ಹಚ್ಚಿದರು, ತಬಲಾ ಸ್ಪಷ್ಟ. ಪ್ಲಗ್ಗನ್ನು ಒತ್ತಿದ್ದಾಯಿತು. ಕಂಪ್ಯೂಟರಿನೊಳಗೆ ಎಡಬಲಗಳ ಪ್ರಮಾಣವನ್ನು ತೋರಿಸುವ ಅಂಕಿಗಳನ್ನು ನೋಡಿದ್ದಾಯಿತು, ಎರಡೂ ಸಮವಾಗಿದ್ದುವು. ಇಂಥ ಅಗ್ಗದ ಜೋಡಿಗಳಲ್ಲಿ ಧ್ವನಿಯನ್ನು ಹೆಚ್ಚಿಸುವ ಯಂತ್ರವು ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯಲ್ಲಿದ್ದು, ಇನ್ನೊಂದಕ್ಕೆ ಅಲ್ಲಿಂದ ಒಂದು ತೆಳು ವೈರು ಹೋಗಿರುತ್ತದೆ. ಅದನ್ನೂ ಅಲುಗಾಡಿಸಿದ್ದಾಯಿತು.

ಕಡೆಗೆ ಎರಡು ಪೆಟ್ಟಿಗೆಗಳನ್ನೂ ವೈರುಸಮೇತ ಅದಲುಬದಲು ಮಾಡಿ ಇಟ್ಟರು. ದೋಷವು ಪೆಟ್ಟಿಗೆಯದಾಗಲಿ ವೈರಿನದಾಗಲಿ ಕಂಪ್ಯೂಟರಿನದೇ ಆಗಲಿ, ಮೌನವು ಅದರ ಸಂಗಡ ಬಲಕ್ಕೆ ಸರಿಯಬೇಕು. ಸರಿಯಲಿಲ್ಲ, ಎಡಗಡೆಯಲ್ಲಿಯೇ ಕುಳಿತಿತು. ಎಲ್ಲವೂ ಬಲಕ್ಕೆ ಹೋದ ಮೇಲೆ ಎಡಕ್ಕೆ ಉಳಿಯತಕ್ಕದ್ದು ಯಂತ್ರದ ದೋಷವಾಗಲಾರದು. ಪ್ರಮೇಯವು ಅಲ್ಲಿಯೇ ಸಿದ್ಧವಾಗಿತ್ತು. ಜನ್ಮವೆಲ್ಲ ಹುಡುಗರಿಗೆ ಭೂಮಿತಿ ಕಲಿಸಿದ ಮಾಸ್ತರರು ಆ ಕೊನೆಯ ಸಾಲನ್ನು ಮಾತ್ರ ಬರೆಯದೆ, ಪೇಟೆಗೆ ಹೋಗಿ ಹೊಸ ಜೋಡಿ ಸ್ಪೀಕರುಗಳನ್ನು ಕೊಂಡುತಂದರು. ಅವುಗಳಲ್ಲಿಯೂ ಎಡಗಡೆಯದು ಮೂಕ! ಅಂಗಡಿಯವನಿಗೂ ಅವರಿಗೂ ನಾಲ್ಕು ಮಾತಾದುವು. ಹೀಗೆ ಹದಿನೆಂಟು ದಿನಗಳು ಕಳೆದುವು. ಕಿವಿಯಲ್ಲಿ ಗುಂಯ್ಯೆನ್ನುತ್ತಿದ್ದುದನ್ನು ಅವರು ಮಳೆಗಾಲದ ನೆಗಡಿಯ ಲೆಕ್ಕಕ್ಕೆ ಬರೆದಿದ್ದರು.

ಹತ್ತೊಂಬತ್ತನೆಯ ದಿನ ರಜೆಗೆಂದು ಮೊಮ್ಮಗಳು ಬಂದಳು. ಅಜ್ಜನ ಕುರ್ಚಿಯಲ್ಲಿ ಕುಳಿತು ಒಂದು ಕ್ಷಣ ಕೇಳಿದವಳೇ, “ಅಜ್ಜಾ, ಎರಡೂ ಛಲೋ ನುಡೀತಾವಲ್ಲ!” ಎಂದಳು. ಮಾಸ್ತರರು ನಕ್ಕರು. ಅವಳು ನಗದೆ, ಅವರನ್ನು ಕುರ್ಚಿಯಲ್ಲಿ ಕೂಡ್ರಿಸಿ, ಅದನ್ನು ಗೋಡೆಗೆ ಮುಖವಾಗುವಂತೆ ತಿರುಗಿಸಿದಳು. ಹಾರ್ಮೋನಿಯಂ ಒಡನೆಯೇ ನಿಚ್ಚಳವಾಗಿ ಕೇಳಿತು. ಈಗ ದೂರ ಸರಿದದ್ದು ತಬಲಾ. ಅದಲುಬದಲು ಮಾಡದೆ ಉಳಿದಿದ್ದುದು ಕೇಳುವವರೊಬ್ಬರನ್ನೇ.

ಕಿವಿಯ ವೈದ್ಯರು ಪರೀಕ್ಷಿಸಿ, ಇದು ಗುಗ್ಗೆಯಲ್ಲ, ನೆಗಡಿಯೂ ಅಲ್ಲ, ಒಳಗಿವಿಯ ಶಕ್ತಿ ಹಠಾತ್ತಾಗಿ ಕುಂದಿದೆ ಎಂದರು. ಇದಕ್ಕೆ ಕಾರಣವು ಬಹುಮಟ್ಟಿಗೆ ತಿಳಿಯುವುದಿಲ್ಲವಂತೆ. ಸ್ಟೆರಾಯ್ಡ್ ಔಷಧವು ಮೊದಲ ಕೆಲವು ದಿನಗಳಲ್ಲಿ, ತಪ್ಪಿದರೆ ಎರಡು ವಾರಗಳೊಳಗೆ, ದೊರೆತರೆ ಗುಣವಾಗುವ ಸಂಭವ ಹೆಚ್ಚು. “ಯಾವಾಗಿನಿಂದ?” ಎಂದು ಅವರು ಕೇಳಿದಾಗ ಮಾಸ್ತರರು ಅಂಗಡಿಯ ರಸೀದಿಯನ್ನು ಕಿಸೆಯಿಂದ ತೆಗೆದು ತಾರೀಖು ನೋಡಿ ಹೇಳಬೇಕಾಯಿತು.

ಔಷಧ ಕೊಟ್ಟರು. ಸ್ವಲ್ಪ ಮರಳಿತು, ಬಹಳ ಮರಳಲಿಲ್ಲ. ಮಾಸ್ತರರು ಅಂಗಡಿಯವನ ಬಳಿಗೆ ಹೋಗಿ ತಪ್ಪು ಒಪ್ಪಿಕೊಂಡು ಬಂದರು. ಅದು ಅವರಿಗೆ ಔಷಧಕ್ಕಿಂತ ಕಹಿಯಾಗಿದ್ದಿತು. ಈಗ ಆ ಪಡಸಾಲೆಯಲ್ಲಿ ಎರಡು ಸ್ಪೀಕರುಗಳೂ ಕುರ್ಚಿಯ ಬಲಕ್ಕೆ ಒಂದರ ಪಕ್ಕದಲ್ಲೊಂದು ನಿಂತಿವೆ. ಎಷ್ಟೋ ವರ್ಷಗಳಿಂದ ಎಡಗಡೆಯ ಕಿಟಕಿಯ ಕೆಳಗೆ ಕುಳಿತು ಬತ್ತಿ ಹೊಸೆಯುತ್ತಿದ್ದ ಅವರ ಮಡದಿಯೂ, ಯಾರೂ ಹೇಳದೆಯೇ, ತಮ್ಮ ಮಣೆಯನ್ನು ಆ ಕಡೆಗೆ ತಂದುಕೊಂಡಿದ್ದಾರೆ.