ಮೊದಲು ಎಬ್ಬಿಸುವವರು ಯಾರು?

ನಾನು ಹುಡುಗನಾಗಿದ್ದಾಗ ಬೆಳಗ್ಗೆ ನನ್ನನ್ನು ಎಬ್ಬಿಸುವುದಕ್ಕೆ ಮನೆಯಲ್ಲಿ ಒಂದು ಸರದಿಯಿತ್ತು. ಮೊದಲು ಅಜ್ಜಿ ಬಂದು, "ಏಳೋ ಮರಿ, ಬೆಳಗಾಯ್ತು" ಎನ್ನುವರು. ನಾನು ಮಗ್ಗುಲು ಬದಲಿಸುವೆ. ಆಮೇಲೆ ಅಡಿಗೆಮನೆಯಿಂದ ಅಮ್ಮನ ಕೂಗು. ಅದಕ್ಕೂ ಜಗ್ಗದಿದ್ದರೆ ಕಡೆಗೆ ಅಪ್ಪ. ಅವರು ಕೂಗುತ್ತಿರಲಿಲ್ಲ, ಒಮ್ಮೆ ಕೆಮ್ಮುತ್ತಿದ್ದರು; ಅಷ್ಟೇ ಸಾಕಾಗಿತ್ತು. ಕಂಪ್ಯೂಟರಿಗೂ ಇಂಥದೊಂದು ಸರದಿಯುಂಟೆಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಅದೂ ಸಂಕಟದ ಸಮಯದಲ್ಲಿ.

ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಬಾಯಲ್ಲಿ ಬರುತ್ತಿದ್ದ ಮಾತುಗಳನ್ನು, ಗಾದೆ, ಬೈಗುಳ, ಉಪ್ಪಿನಕಾಯಿಯ ಅಳತೆ ಎಲ್ಲವನ್ನೂ, ಹಲವು ವರ್ಷ ಗುರುತು ಹಾಕಿಟ್ಟಿದ್ದೆ. ಕನ್ನಡ ಪಾಠ ಹೇಳುವವನ ಚಟ, ಏನು ಮಾಡೋಣ! ಎಲ್ಲವೂ ಒಂದೇ ಹಳೆಯ ಕಂಪ್ಯೂಟರಿನಲ್ಲಿ; ಇನ್ನೊಂದು ಪ್ರತಿಯಿಲ್ಲ. ಹುಡುಗರಿಗೆ ಮಾತ್ರ "ಪ್ರತಿ ಇಟ್ಟುಕೊಳ್ಳಿ" ಎಂದು ಉಪದೇಶಿಸುತ್ತಿದ್ದೆ.

ಒಂದು ಬೆಳಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿಯ ಒಂದೇ ಸಾಲು: 'ನೋ ಬೂಟಬಲ್ ಡಿವೈಸ್'. ರಿಪೇರಿಯವನು ನೋಡಿ, "ಡಿಸ್ಕ್ ಹೋಗಿದೆ ಸಾರ್, ಹೊಸದು ಹಾಕಿಸಿ" ಎಂದ. "ಒಳಗಿದ್ದದ್ದು?" ಎಂದೆ. "ಅದನ್ನ ಮರೆತುಬಿಡಿ" ಎಂದ.

ಸಂಜೆ ಅಕ್ಕನ ಮಗಳು ಬಂದಳು. ಇಂಜಿನಿಯರಿಂಗ್ ಓದುವ ಹುಡುಗಿ. "ಮಾಮ, ಒಂದ್ಸಲ ನಾನು ನೋಡ್ಲಾ?" ಎಂದಳು.

ನೋಡುತ್ತ ನೋಡುತ್ತ ನನಗೆ ಪಾಠವನ್ನೂ ಹೇಳಿದಳು. ಎಚ್ಚರಗೊಂಡ ಕ್ಷಣದಲ್ಲಿ ಯಂತ್ರಕ್ಕೆ ಬಹುಮಟ್ಟಿಗೆ ಏನೂ ಗೊತ್ತಿರುವುದಿಲ್ಲವಂತೆ. ಒಳಗಿನ ಒಂದು ಪುಟ್ಟ ಚಿಪ್ಪಿನಲ್ಲಿ ಬಯಾಸ್ ಎಂಬ ಅಲ್ಪ ವಿದ್ಯೆಯಿದೆ. ಅದು ಮೆಮೊರಿ, ಕೀಲಿಮಣೆಗಳನ್ನು ತಡವಿ ನೋಡಿಕೊಂಡು, ಪಟ್ಟಿಯಲ್ಲಿರುವವರನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತದೆ: "ನನ್ನನ್ನು ನಡೆಸಲು ನಿನ್ನಲ್ಲೇನಾದರೂ ಇದೆಯೆ?" ನನ್ನದರಂಥ ಹಳೆಯ ಯಂತ್ರಗಳಲ್ಲಿ ಅದು ನೋಡುವುದು ಡಿಸ್ಕಿನ ಮೊದಲ 512 ಬೈಟುಗಳನ್ನು, ಅವುಗಳ ಕೊನೆಯ ಎರಡರಲ್ಲಿ ಗೊತ್ತಾದ ಗುರುತು ಕಾಣದಿದ್ದರೆ ಮುಂದಿನವರ ಬಾಗಿಲಿಗೆ ಹೋಗುತ್ತದೆ. ಹಿಂದೆ ಪಟ್ಟಿಯಲ್ಲಿ ಫ್ಲಾಪಿಗೇ ಸಾಮಾನ್ಯವಾಗಿ ಮೊದಲ ಮಣೆ. ರಾತ್ರಿ ಮರೆತು ಒಳಗೆ ಬಿಟ್ಟ ಫ್ಲಾಪಿಯಿಂದ ಬೆಳಗ್ಗೆ ಯಂತ್ರ ಏಳದೆ ಮುಷ್ಕರ ಹೂಡಿದ್ದು ನನಗೂ ನೆನಪಿದೆ.

'ಬೂಟ್' ಎಂದರೆ ಒದ್ದು ಎಬ್ಬಿಸುವುದೆಂದೇ ನಾನು ತಿಳಿದಿದ್ದೆ. ಹಾಗಲ್ಲವಂತೆ, ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದೆಂಬ ಇಂಗ್ಲಿಷಿನ ಮಾತಿನಿಂದ ಬಂದದ್ದು. ಪಾಪ, ಯಾರೂ ಎಬ್ಬಿಸದೆ ತಾನೇ ಏಳಬೇಕಾದ ಕೂಸು!

ಅವಳು ತನ್ನ ಪೆನ್ ಡ್ರೈವ್ ಸಿಕ್ಕಿಸಿದಳು. ಅದರಲ್ಲಿದ್ದದ್ದು ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಆರಂಭಿಸಿದ ಲಿನಕ್ಸ್. ಗುಂಡಿ ಒತ್ತಿದೊಡನೆ ಎಫ್ 12 ಎಂಬ ಕೀಲಿಯನ್ನು ಟಕಟಕನೆ ಕುಟ್ಟಿದಳು. ಕೆಲವು ಯಂತ್ರಗಳಿಗೆ ಬೇರೆ ಕೀಲಿಯಂತೆ. ಗಳಿಗೆ ತಪ್ಪಿದರೆ ಯಂತ್ರ ಹಳೆಯ ಸರದಿಯನ್ನೇ ಹಿಡಿದು ಹೊರಟುಬಿಡುತ್ತದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಪಟ್ಟಿ ಬಂತು. ಪೆನ್ ಡ್ರೈವನ್ನು ಆರಿಸಿದಳು.

"ಇದು ಈ ಒಂದು ಸಲಕ್ಕೆ ಮಾತ್ರ ಮಾಮ. ಪಟ್ಟಿ ಹಾಗೇ ಇರುತ್ತೆ."

ಪರದೆ ಬೆಳಗಿತು. ಮೂಲೆಯಲ್ಲಿ ನನ್ನ ಡಿಸ್ಕು, ಅದರೊಳಗೆ 'ಅಮ್ಮ' ಎಂಬ ನನ್ನ ಕಡತ! ಕೆಟ್ಟದ್ದು ಡಿಸ್ಕಿನಲ್ಲಿ ಏಳುವುದಕ್ಕೆ ಬೇಕಾದ ಭಾಗ ಮಾತ್ರ. ಇಟ್ಟುಕೊಂಡದ್ದು ಇದ್ದಲ್ಲೇ ಇತ್ತು. ರಿಪೇರಿಯವನನ್ನು ದೂರಲಾರೆ. ಡಿಸ್ಕೇ ನಿಜವಾಗಿ ಸತ್ತಿದ್ದರೆ ಯಾವ ಸರದಿ ಬದಲಿಸಿದರೂ ಫಲವಿರುತ್ತಿರಲಿಲ್ಲ. ಆದರೆ ಏಳಲಾರದ್ದನ್ನೆಲ್ಲ ಸತ್ತದ್ದೆಂದು ನಂಬಲು ನಾನು ಎಷ್ಟು ಬೇಗ ಒಪ್ಪಿಬಿಟ್ಟಿದ್ದೆ!

ಅಂದೇ ಎರಡು ಪ್ರತಿ ಮಾಡಿ ಒಂದನ್ನು ಹುಡುಗಿಯ ಕೈಯಲ್ಲೇ ಅಕ್ಕನಿಗೆ ಕಳಿಸಿದೆ. ರಾತ್ರಿ ಹತ್ತಕ್ಕೆ ಅಕ್ಕನ ಫೋನು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೂಗು ಒರೆಸಿಕೊಂಡು ಹೇಳಿದಳು:

"ಎಲ್ಲಾ ಚೆನ್ನಾಗಿದೆ ಕಣೋ. ಆದ್ರೆ ಮೂರನೇ ಪುಟದಲ್ಲಿ ಬರ್ದಿದೀಯಲ್ಲ, ಅದು ಅಮ್ಮನ ಮಾತಲ್ಲ. ಅಜ್ಜಿಯದು."